ಸಿಡಿಲಕುಮಾರನ ವೈರಿಗೆ ನನ್ನ ಮುಖ

ನನ್ನ ಮೊಮ್ಮಗಳು ಚಿತ್ರ ತೆಗೆದ ಪುಸ್ತಕ ಅಚ್ಚಾಗಿ ಬಂದಿದೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಅದನ್ನು ನೋಡದವರು ಯಾರೂ ಉಳಿದಿಲ್ಲ. ಹಾಲಿನವನಿಗೆ ತೋರಿಸಿದೆ, ಲೈಟಿನ ಮೀಟರ್ ನೋಡಲು ಬಂದವನನ್ನೂ ಕೂರಿಸಿ ತೋರಿಸಿದೆ. ಸಂತೋಷ ಮೈಯಲ್ಲಿ ಹಿಡಿಸುತ್ತಿಲ್ಲ. ಆದರೆ ಆ ಪುಸ್ತಕ ಆಗುವಾಗ ನನಗೆ ಬಂದ ಸಿಟ್ಟು ಕೂಡ ಇನ್ನೂ ಇಳಿದಿಲ್ಲ, ಆ ಸಿಟ್ಟನ್ನೇ ಬರೆಯಬೇಕೆಂದು ಕೂತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಸಾಲು ಓರೆಯಾದರೆ ಆಗಲಿ.

ಫೋನು ಬಂದಾಗ ನಾನು ಶೇಂಗಾ ಹುರಿಯುತ್ತಿದ್ದೆ.

"ಆಯಿ, ನನ್ನ ಪುಸ್ತಕದಾಗ ನೀ ಬರ್ತೀಯೇನ?" ಎಂದಳು ಮೊಮ್ಮಗಳು.

"ಪುಸ್ತಕದಾಗ ಬರೂವಂಥಾದ್ದು ನಾ ಏನ್ ಮಾಡೇನವಾ?"

"ಸೂಪರ್‌ಹೀರೋ ಕಾಮಿಕ್ಸ್ ಆಯಿ. ಸಿಡಿಲಕುಮಾರ ಅಂತ ಹೀರೋ, ಅಂವನ ಕೈಯಾಗ ಸಿಡಿಲ ಐತಿ. ಅಂವಗ ಒಬ್ಬಾಕಿ ಖಳನಾಯಕಿ ಅದಾಳ. ಆಕಿನ್ನ ತಗಿಯಾಕ ನಿನ್ನ ಫೋಟೋ ಬೇಕು. ನೀ ಅಂತೂ ಹುಟ್ಟಾ ವಿಲನ್."

"ನಿಮ್ಮಪ್ಪನ್ನ ಕೇಳು, ಹೌದಂತಾನ."

ಒಲೆ ಆರಿಸಿಬಿಟ್ಟೆ. ಅರ್ಧ ಹುರಿದ ಶೇಂಗಾ ಹಾಗೇ ಉಳಿಯಿತು. ಈ ಮೊಮ್ಮಗಳು ಬಾಗಲಕೋಟೆಯ ನವನಗರದಲ್ಲಿರುವ ನನ್ನ ಮಗಳ ಮಗಳು. ಚಿತ್ರಕಲೆ ಕಲಿತಿದ್ದಾಳೆ. ಮಕ್ಕಳ ಪುಸ್ತಕ ತರುವ ಸಂಪಾದಕರೊಬ್ಬರು ಅವಳಿಗೆ ಮೊದಲ ಬಾರಿಗೆ ಒಂದು ಇಡೀ ಪುಸ್ತಕ ಕೊಟ್ಟಿದ್ದರು. ಕಥೆ ಅವರದು, ಚಿತ್ರ ಇವಳದು. ಚೆನ್ನಾಗಿ ಬಂದರೆ ಮುಂದೆಯೂ ಕೆಲಸ, ಇಲ್ಲದಿದ್ದರೆ ಅಳಿಯ ಹೇಳುತ್ತಲೇ ಇರುವಂತೆ ಬಿ.ಎಡ್. ಹುಡುಗಿಯ ಜೀವವೆಲ್ಲ ಆ ಪುಸ್ತಕದಲ್ಲಿತ್ತು.

ನನ್ನನ್ನು ಯಾಕೆ ಕರೆದಳೆಂದರೆ, ಖಳನಾಯಕಿಯಾಗುವುದೇ ನನ್ನ ಕಸುಬಾಗಿತ್ತು. ನಮ್ಮ ಕಡೆ ಹಳ್ಳಿಯ ಹುಡುಗರು ಸಾಮಾಜಿಕ ನಾಟಕ ಆಡುವಾಗ ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹುನಗುಂದ, ಬಾದಾಮಿ, ಬಾಗಲಕೋಟೆ ಸುತ್ತಿನ ಊರುಗಳಿಗೆ ಹಾಗೆ ಹೋಗುತ್ತಿದ್ದವಳು ನಾನು. ನಾಯಕಿಯಾಗಿ ಅಲ್ಲ, ಆಸ್ತಿಗಾಗಿ ವಿಷ ಹಾಕುವ ಅತ್ತಿಗೆಯಾಗಿ, ಸಾಹುಕಾರನ ತಲೆ ಕೆಡಿಸುವ ಹೆಂಗಸಾಗಿ. ಒಂದು ಊರಲ್ಲಿ ನಾಟಕದ ಮರುದಿನ ಒಬ್ಬಾಕೆ ನನಗೆ ಚಹಾ ಕೊಡಲು ಒಪ್ಪಲಿಲ್ಲ. "ಆ ಕೂಸಿಗೆ ವಿಷ ಹಾಕೀಯಲ್ಲ, ನಿನ್ನ ಕೈ ಸೇದಿ ಹೋಗಲಿ" ಎಂದಳು. ಅದನ್ನು ನಾನು ಬೈಗಳ ಎಂದು ತಿಳಿಯಲಿಲ್ಲ. ಕೆಲಸ ಸರಿಯಾಗಿದೆ ಎಂದು ತಿಳಿದೆ.

ನಮ್ಮ ನಾಟಕದಲ್ಲಿ ಖಳನಾಯಕಿ ಸುಮ್ಮನೆ ಬಂದು ನಿಲ್ಲುವುದಿಲ್ಲ. ಮೊದಲು ಪರದೆಯ ಹಿಂದಿನಿಂದ ಅವಳ ದನಿ ಬರಬೇಕು, ಪೇಟಿ ಮಾಸ್ತರರು ಹಾರ್ಮೋನಿಯಂ ಸ್ವರ ಏರಿಸಬೇಕು. ಆಮೇಲೆ ಅವಳು ರಂಗಕ್ಕೆ ಬಂದು ತಾನು ಯಾರು, ತನಗೆ ಏನು ಬೇಕು, ಅದಕ್ಕಾಗಿ ಏನೇನು ಮಾಡಲು ತಯಾರಿದ್ದೇನೆ ಎಂದು ಜನರ ಮುಖಕ್ಕೇ ಹೇಳಬೇಕು. ಇದಕ್ಕೆ ನಾವು ಎಂಟ್ರಿ ಎನ್ನುತ್ತೇವೆ. ಪುಸ್ತಕದಲ್ಲೂ ಹಾಗೇ ಇರುತ್ತದೆಂದು ತಿಳಿದೆ, ನೋಡಿ, ನನ್ನ ಹುಚ್ಚು. ಇಳಕಲ್ಲಿನಿಂದ ಬಸ್ಸು ಹುನಗುಂದ ದಾಟುವುದರೊಳಗೆ ಒಂದು ಎಂಟ್ರಿ ಕಟ್ಟಿ ಬಾಯಿಪಾಠ ಮಾಡಿದ್ದೆ. ಅಮೀನಗಡದಲ್ಲಿ ಕರದಂಟು ಕೊಂಡಾಗಲೂ ತುಟಿ ಆಡುತ್ತಿತ್ತು. ಅಂಗಡಿಯವನು ದೇವರ ನಾಮ ಅಂದುಕೊಂಡನೋ ಏನೋ, ಒಂದು ತುಂಡು ಹೆಚ್ಚಿಗೆ ಹಾಕಿದ.

ನವನಗರ ಮುಟ್ಟಿದವಳೇ ಮೊಮ್ಮಗಳನ್ನು ಹಾಲು ತರಲು ಕಳಿಸಿ, ಕಪಾಟಿನ ಕನ್ನಡಿಯ ಮುಂದೆ ಕೂತೆ. ಮೊದಲು ಕೊಬ್ಬರಿ ಎಣ್ಣೆ, ಇಲ್ಲದಿದ್ದರೆ ಬಣ್ಣ ಚರ್ಮಕ್ಕೆ ಕೂರುವುದಿಲ್ಲ. ಅದರ ಮೇಲೆ ಬಣ್ಣದ ಪುಡಿ. ಹುಬ್ಬಿನ ತುದಿಯನ್ನು ಕಾಡಿಗೆಯಿಂದ ಮೇಲಕ್ಕೆ ಎಳೆದೆ. ನಾಯಕಿಯ ಹುಬ್ಬು ಕೆಳಗೆ ಬಾಗುತ್ತದೆ, ನನ್ನದು ಏರುತ್ತದೆ. ಬಿಳಿ ಕೂದಲು ಮುಚ್ಚುವಂತೆ ಚೌರಿ ಸೇರಿಸಿ ದೊಡ್ಡ ತುರುಬು ಕಟ್ಟಿದೆ. ಕರಿ ಇಳಕಲ್ ಸೀರೆ, ಖಣದ ಕುಪ್ಪಸ. ಬಾಗಿಲು ತೆರೆದ ಸಪ್ಪಳ ಕೇಳಿದ್ದೇ ಒಳಗಿನಿಂದ ದನಿ ಎತ್ತಿದೆ, ಆಮೇಲೆ ಹೊರಬಂದೆ.

ಹುಡುಗಿಯ ಕೈಯಲ್ಲಿದ್ದ ಹಾಲಿನ ಪಾಕೀಟು ಬಿತ್ತು. ಆಮೇಲೆ ನಕ್ಕಳು, ಚಪ್ಪಾಳೆ ತಟ್ಟಿದಳು, ನನ್ನನ್ನು ಅಪ್ಪಿಕೊಂಡಳು. ಅಷ್ಟಾದ ಮೇಲೆ ನೆಲ ನೋಡುತ್ತ ಅಂದಳು, "ಆಯಿ, ಭಾಳ ಚಂದ ಆಗೇತಿ. ಆದ್ರ... ಇದಲ್ಲ. ಮಾರಿ ತೊಳ್ಕೊಂಡು ಬಾ. ಚೌರಿ ತಗಿ, ಕೂದಲಾ ಬಿಚ್ಚು."

"ಮಾರಿ ತೊಳದ ಮ್ಯಾಲ ಎಂಥಾ ಖಳನಾಯಕಿ?"

"ನೀ ಬಾ ಅಂದ್ರ ಬಾ."

ತೊಳೆದುಕೊಂಡು ಬಂದೆ. ಕಿಟಕಿಯ ಪಕ್ಕದ ಬೆಳಕಿನಲ್ಲಿ ಕೂರಿಸಿ, ಕೈ ಹೀಗಿಡು, ಬೆನ್ನು ಬಾಗಿಸು, ಬಾಯಿ ತೆರೆ ಎನ್ನುತ್ತ ಫೋಟೋ ತೆಗೆಯತೊಡಗಿದಳು. ಹೆದರಿದಂತೆ ಮಾಡು ಎಂದಳು. ಮಾಡಿದೆ. ನಾಚಿಕೆಯಾದಂತೆ ಮುಖ ಮುಚ್ಚಿಕೊ ಎಂದಳು. ಆಗ ನಾನು ಎದ್ದು ನಿಂತೆ.

ನನಗೊಂದು ರೂಢಿ ಇದೆ. ಓದು ಅಷ್ಟಕ್ಕಷ್ಟೇ ಇದ್ದವರು ನಾವು, ಪಾತ್ರವನ್ನು ಕಿವಿಯಿಂದ ಕಲಿಯುತ್ತೇವೆ. ಬಣ್ಣ ಹಚ್ಚುವ ಮೊದಲು ಮಾಸ್ತರರು ಇಡೀ ನಾಟಕ ಓದಿ ಹೇಳಬೇಕು. ನನ್ನ ಮಾತಷ್ಟೇ ಅಲ್ಲ, ಎಲ್ಲರ ಮಾತೂ. "ಕಥೀ ಓದು. ಮೊದಲಿಂದ ಓದು" ಎಂದೆ.

ಓದಿದಳು. ಬಾದಾಮಿಯ ಕೆಂಪು ಬಂಡೆಗಳ ನಡುವಿನ ಗವಿಯಲ್ಲಿ ಒಬ್ಬ ಸುಂದರಿ ಇರುತ್ತಾಳೆ. ಅವಳಿಗೆ ಹೆಸರಿಲ್ಲ, ಬರೀ ಖಳನಾಯಕಿ. ಮಂತ್ರದ ಉಂಗುರದಿಂದ ನಾಡಿನ ನೀರನ್ನೆಲ್ಲ ಬತ್ತಿಸುತ್ತಾಳೆ. ಯಾಕೆ? ಸಿಡಿಲಕುಮಾರ ಅವಳನ್ನು ಮದುವೆಯಾಗಲು ಒಪ್ಪಲಿಲ್ಲ, ಅದಕ್ಕೆ. ಕೊನೆಯ ಪುಟಕ್ಕೆ ಬಂದಾಗ ಹುಡುಗಿಯ ದನಿ ಸಣ್ಣದಾಯಿತು. ಸಿಡಿಲು ಬಡಿದು ಉಂಗುರ ಒಡೆಯುತ್ತದೆ. ಸುಂದರಿಯ ಕೂದಲು ಬೆಳ್ಳಗಾಗುತ್ತದೆ, ಮುಖ ಸುಕ್ಕಾಗುತ್ತದೆ, ಹಲ್ಲು ಉದುರುತ್ತವೆ. "ಇದೇ ನಿನ್ನ ನಿಜರೂಪ!" ಎಂದು ಸಿಡಿಲಕುಮಾರ ನಗುತ್ತಾನೆ. ಊರವರೆಲ್ಲ ನಗುತ್ತಾರೆ. ಮುದುಕಿ ಮುಖ ಮುಚ್ಚಿಕೊಂಡು ಓಡುತ್ತಾಳೆ. ಮುಗಿಯಿತು.

"ಹಂಗಾರ ಆ ಸುಂದರಿ ನಾ ಅಲ್ಲ" ಎಂದೆ.

ಅವಳು ಹಾಳೆ ಕೆಳಗಿಟ್ಟಳು.

"ಆಕಿಗಿ ಕೊಟ್ಟ ಶಿಕ್ಷಾ ನಾನು. ಹೌದಿಲ್ಲೋ?"

"ಕಥೀ ನಂದಲ್ಲ ಆಯಿ, ಸರ್ ಬರದದ್ದು" ಎಂದಳು, ಕಣ್ಣಲ್ಲಿ ನೀರು. "ನನಗ ವಯಸ್ಸಾದವರ ಕೈ ತಗಿಯಾಕ ಬರೂದಿಲ್ಲ. ಸುಕ್ಕು ಎಲ್ಲಿಂದ ಎಲ್ಲಿಗಿ ಹೋಗತಾವ ತಿಳಿಯೂದಿಲ್ಲ. ಅದಕ್ಕ ನಿನ್ನ ಕರದೆ."

ನನಗೆ ಬಂದ ಸಿಟ್ಟು ಹೇಗೆ ಹೇಳಲಿ. ಜನ ನನಗೆ ಉಗುಳಿದ್ದಾರೆ, ಚಪ್ಪಲಿ ತೋರಿಸಿದ್ದಾರೆ. ನಾನು ಆಟದಲ್ಲಿ ಕೆಟ್ಟದ್ದು ಮಾಡಿದ್ದೆ, ಅದಕ್ಕೆ ಉಗುಳಿದರು. ಕೊಲೆಗೆ ಗಲ್ಲು, ಮೋಸಕ್ಕೆ ಜೈಲು, ಎಲ್ಲ ಕಂಡಿದ್ದೇನೆ. ಆದರೆ ಮುದುಕಿಯಾಗುವುದನ್ನು ಯಾವ ನ್ಯಾಯಾಧೀಶನೂ ನನಗೆ ಶಿಕ್ಷೆಯಾಗಿ ಕೊಟ್ಟಿರಲಿಲ್ಲ. ಮಕ್ಕಳನ್ನು ಹೆತ್ತು, ಊರೂರು ತಿರುಗಿ, ಮೊಮ್ಮಕ್ಕಳನ್ನು ಎತ್ತಿ ಗಳಿಸಿದ ಮುಖ ಇದು. ಇದನ್ನು ತೋರಿಸಿ ಮಕ್ಕಳೇ ನಗಿರಿ ಎನ್ನುತ್ತದೆಯಲ್ಲ ಆ ಪುಸ್ತಕ!

"ಎಲ್ಲಾ ಪುಸ್ತಕದಾಗೂ ಹಿಂಗ ಇರ್ತೈತೇನ? ತೋರಸು" ಎಂದೆ. ಅವಳ ಹತ್ತಿರ ಅಂಥ ಕಾಮಿಕ್ಸು ಒಂದು ರಾಶಿ ಇದ್ದವು, ಮೊಬೈಲಿನಲ್ಲಿ ಇನ್ನಷ್ಟು. ಮಧ್ಯಾಹ್ನವೆಲ್ಲ ನೋಡಿದೆ. ಗಂಡು ಖಳರಲ್ಲಿ ಬೊಕ್ಕತಲೆಯವನಿದ್ದ, ಹೊಟ್ಟೆಯವನಿದ್ದ, ಒಕ್ಕಣ್ಣಿನವನಿದ್ದ, ಹಣ್ಣುಹಣ್ಣು ಮುದುಕನೂ ಇದ್ದ. ಒಬ್ಬನಿಗೆ ರಾಜ್ಯ ಬೇಕು, ಒಬ್ಬನಿಗೆ ತಮ್ಮನ ಸಾವಿನ ಸೇಡು ಬೇಕು, ಒಬ್ಬನಿಗೆ ಭೂಮಿಯೆಲ್ಲ ಬೇಕು. ಹೆಣ್ಣು ಖಳರು? ಎಲ್ಲರೂ ಒಬ್ಬಳೇ ತಾಯಿಯ ಮಕ್ಕಳು, ಆ ತಾಯಿ ಯಾರಿಗೂ ಹೊಟ್ಟೆತುಂಬ ಹಾಕಿಲ್ಲ. ಹಿಡಿ ಸೊಂಟ, ಮೊಳದುದ್ದ ಉಗುರು, ಮೈಗೆ ಅಂಟಿದ ಕರಿ ಬಟ್ಟೆ. ಅದನ್ನು ತೊಟ್ಟು ಬಸ್ಸು ಹತ್ತಲು ಆಗುವುದಿಲ್ಲ, ಲೋಕ ಹೇಗೆ ಗೆಲ್ಲುತ್ತಾರೆ? ಅವರಿಗೆ ಬೇಕಾದದ್ದೂ ಎರಡೇ, ಒಂದೋ ಆ ಹೀರೋ, ಇಲ್ಲವೋ ಕರಗದ ರೂಪ. ಕೊನೆಗೆ ಒಳ್ಳೆಯವಳಾದರೆ ಅವನ ತೋಳಿನಲ್ಲಿ ಸಾಯಬೇಕು, ಕೆಟ್ಟವಳಾದರೆ ಮುಖ ಕೆಟ್ಟು ಸಾಯಬೇಕು.

ನಮ್ಮ ನಾಟಕಗಳೇನು ಸಾಚಾ ಅಲ್ಲ. ಕಪ್ಪು ಕನ್ನಡಕ ಹಾಕಿದವಳೆಲ್ಲ ಕೆಟ್ಟವಳು ಎಂದು ನಾವೂ ತೋರಿಸಿದ್ದೇವೆ. ಆದರೂ ನನಗೆ ಏನು ಬೇಕೆಂದು ಹೇಳಲು ಒಂದು ಎಂಟ್ರಿ ಇತ್ತು. ಈ ಹುಡುಗಿಯರಿಗೆ ಅದೂ ಇಲ್ಲ.

ಮರುದಿನ ಸಂಪಾದಕರು ಕೆಲಸ ನೋಡಲು ಮನೆಗೇ ಬಂದರು. ಕೆಟ್ಟ ಮನುಷ್ಯರಲ್ಲ. ಚಪ್ಪಲಿ ಹೊರಗೆ ಬಿಟ್ಟು, ನನಗೆ ಕೈಮುಗಿದು ಕೂತರು. ಚಹಾ ಕೊಟ್ಟು ಎದುರಿಗೇ ಕೂತೆ.

"ಅಮ್ಮಾರ, ಮಕ್ಕಳ ಪುಸ್ತಕರಿ. ಕಡೀಕ ಮಕ್ಕಳು ನಗಬೇಕಲ್ರಿ."

"ತಮ್ಮ ಆಯಿನ್ನ ನೋಡಿ ನಗಬೇಕೇನ್ರಿ?"

"ಹಂಗಲ್ರಿ. ಆಕಿ ಮೋಸ ಬಯಲಾಗಬೇಕು."

"ವಯಸ್ಸಾಗೂದು ಮೋಸಾ ಹೆಂಗಾತ್ರಿ? ನಿಮ್ಮ ತಲೀ ಮ್ಯಾಲಿನ ಕರಿ ಬಣ್ಣ ನಾ ಬಯಲು ಮಾಡಲೇನು?"

ಮೊಮ್ಮಗಳು "ಆಯೀ!" ಎಂದು ನನ್ನ ಸೆರಗು ಎಳೆದಳು. ಅವರು ನಕ್ಕರು, ಆದರೆ ಬಿಡಲಿಲ್ಲ. ಪ್ರೆಸ್ಸಿಗೆ ಕೊಡುವ ದಿನ ಹತ್ತಿರ ಬಂದಿದೆ, ಮುಕ್ಕಾಲು ಪುಟ ಮುಗಿದಿವೆ, ಖಳನಾಯಕಿ ಚಂದ ಇದ್ದರೇನೇ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ ಎಂದರು.

"ನಾ ಆಕಿ ಗೆಲ್ಲಲಿ ಅನ್ನೂದಿಲ್ರಿ" ಎಂದೆ. "ಸೋಲಲಿ. ಸೋಲೂದು ನನ್ನ ಕೆಲಸ, ಊರೂರಿಗಿ ಹೋಗಿ ಸೋತೇನಿ. ಆದ್ರ ಮಾಡಿದ್ದಕ್ಕ ಸೋಲಲಿ, ಮುದುಕಿ ಆಗಿದ್ದಕ್ಕ ಅಲ್ಲ. ಮೊದಲನೇ ಹಾಳಿಯಿಂದ ಮುದುಕೀನ ಇರಲಿ. ಇಲ್ಲಾಂದ್ರ ನನ್ನ ಫೋಟೋ ಅಳಸ್ರಿ. ನನ್ನ ಮಾರಿ ನಾ ಕೊಡೂದಿಲ್ಲ."

ಅವರು ಮೊಮ್ಮಗಳನ್ನು ನೋಡಿದರು. ನಾನೂ ನೋಡಿದೆ. ಕೆಲಸ ಅವಳದು, ಹೋದರೆ ಹೋಗುವುದು ಅವಳದು. ಆ ಕ್ಷಣ ನನ್ನ ಬಾಯಿಯ ಮೇಲೆ ನನಗೇ ಹೆದರಿಕೆಯಾಯಿತು. ಹುಡುಗಿ ಬಹಳ ಹೊತ್ತು ಕೈಯಲ್ಲಿದ್ದ ಪೆನ್ನನ್ನು ತಿರುಗಿಸಿದಳು.

"ಸರ್, ಮದುವಿ ವಿಷಯ ಬ್ಯಾಡ್ರಿ" ಎಂದಳು ಕೊನೆಗೆ. "ಆಕಿ ನೀರು ಬತ್ತಸ್ತಾಳಲ್ರಿ... ಆಕಿ ಮನಿ ನೀರಾಗ ಮುಳಗೇತಿ ಅಂತ ಇಡೂಣ್ರಿ. ನಮ್ಮಪ್ಪನ ಹಳೇ ಮನಿ ಮುಳಗೇತಲ್ರಿ, ಹಂಗ. ಆಕಿಗಿ ತನ್ನ ಹೊಸ್ತಿಲಾ ಒಮ್ಮಿ ನೋಡಬೇಕಾಗೇತಿ. ಅದರ ಸಲುವಾಗಿ ನಾಡ ಒಣಗಿದ್ರೂ ಆಕಿಗಿ ನಡೀತೈತಿ."

ಈ ನವನಗರವೇ ಅಣೆಕಟ್ಟಿನ ಹಿನ್ನೀರಿಗೆ ಹೋದ ಅಂಥ ಮನೆಗಳನ್ನು ಬಿಟ್ಟು ಬಂದವರ ಊರು. ಸಂಪಾದಕರು ತಮ್ಮ ಚಹಾದ ಕಪ್ಪಿನಲ್ಲಿ ನೋಡುತ್ತ ಕೂತರು. ಅವರ ಮನೆಯೂ ಅಲ್ಲೇ ಹೋಗಿರಬೇಕು, ನಾನು ಕೇಳಲಿಲ್ಲ.

"ಹಂಗಾದ್ರ ಮಕ್ಕಳು ಆಕಿ ಕಡೀಗೇ ಆಗ್ತಾರವಾ" ಎಂದರು.

"ಬಾವಿ ಒಣಗಿದ ಹಳ್ಳಿ ತಗೀತೇನ್ರಿ. ಕೊಡ ಹಿಡದು ನಿಂತ ಕೂಸುಗಳನ್ನ ತಗೀತೇನ್ರಿ. ಆಗೂದಿಲ್ರಿ."

"ನಾಕು ಹಾಳಿ ಮಾಡಿ ತೋರಸು. ಆಮ್ಯಾಲ ನೋಡೂಣು" ಎಂದು ಎದ್ದರು.

ನನ್ನ ಎದೆ ಎಷ್ಟು ಉಬ್ಬಿತೆಂದರೆ! ಒಂದು ಆಸೆ ಖರೆ, ಅದಕ್ಕಾಗಿ ಮಾಡುವ ಕೆಲಸ ಘೋರ. ಪಾತ್ರ ಎಂದರೆ ಅದು. ನನಗೆ ಯಾವ ಮಾಸ್ತರರೂ ಅಂಥ ಪಾತ್ರ ಬರೆದುಕೊಟ್ಟಿರಲಿಲ್ಲ, ನನ್ನ ಮೊಮ್ಮಗಳು ಕೂತಲ್ಲೇ ಬರೆದಳು.

ಅಲ್ಲಿಂದ ನಿಜವಾದ ದುಡಿತ ಶುರುವಾಯಿತು. ಅವಳು ಕಾಗದದ ಮೇಲೆ ಬರೆಯುವುದಿಲ್ಲ, ಟ್ಯಾಬಿನ ಗಾಜಿನ ಮೇಲೆ ಪೆನ್ನಿನಿಂದ ಬರೆಯುತ್ತಾಳೆ. ಮೊದಲು ಪುಟವನ್ನು ಚೌಕ ಚೌಕ ಮಾಡಿಕೊಂಡು, ಮಾತಿನ ಗುಳ್ಳೆ ಎಲ್ಲಿ ಬರುತ್ತದೋ ಅಷ್ಟು ಜಾಗ ಖಾಲಿ ಬಿಡುತ್ತಾಳೆ. ಆಮೇಲೆ ನಾನು ನಿಲ್ಲಬೇಕು. ಕೈ ಎತ್ತಿ ಶಾಪ ಹಾಕುವ ಚಿತ್ರಕ್ಕೆ ಕೈ ಎತ್ತಿಕೊಂಡೇ ಇರಬೇಕು, ತೋಳು ನಡುಗಿದರೂ ಇಳಿಸುವಂತಿಲ್ಲ. ರಂಗದ ಮೇಲೆ ಸಿಟ್ಟು ಬಂದು ಹೋಗುತ್ತದೆ, ಇಲ್ಲಿ ಬಂದ ಸಿಟ್ಟನ್ನು ಮುಖದಲ್ಲೇ ಇಟ್ಟುಕೊಂಡು ಕೂರಬೇಕು. ಮೊಣಕಾಲು ಊದಿದವು. ಮಗಳು ಎಣ್ಣೆ ತಿಕ್ಕುತ್ತ ಆಯಿ ಮೊಮ್ಮಗಳಿಬ್ಬರಿಗೂ ಬೈದಳು. ಬೈಗಳ ನನಗೆ ಹೊಸದೇ?

ಕೈಗಳು ಬಂದವು. ಸುಕ್ಕುಗಳು ಬಂದವು. ನಾಲ್ಕು ಪುಟ ಮುಗಿದ ಮೇಲೆ ಇಬ್ಬರೂ ನೋಡಿದೆವು. ಗವಿಯ ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಬಾಯಿ ತೆರೆದಿದೆ, ಕೈ ಎತ್ತಿದೆ. ಆದರೆ ಇನ್ನೇನು, ಬಾರವಾ, ರೊಟ್ಟಿ ಬಿಸಿ ಐತಿ ಎಂದು ಕರೆಯುತ್ತಾಳೆ ಎನ್ನುವಂತಿತ್ತು.

"ಇಕಿ ನಾಡ ಒಣಗಸೂದಿಲ್ಲ, ಹಪ್ಪಳ ಒಣಗಸ್ತಾಳ" ಎಂದೆ.

ಹುಡುಗಿ ನಗಲಿಲ್ಲ. "ಯಾಕ ಹಿಂಗ ಆಗಾಕತ್ತೇತಿ ಆಯಿ? ಫೋಟೋದಾಗ ಸಿಟ್ಟ ಐತಿ. ನಾ ತಗದ್ರ ಕರಗಿ ಹೋಗತೈತಿ." ಹುಬ್ಬು ಏರಿಸಿದಳು, ಕಣ್ಣಿನ ಕೆಳಗೆ ಕರಿ ಹಚ್ಚಿದಳು, ಅಳಿಸಿದಳು, ಮತ್ತೆ ಹಚ್ಚಿದಳು. ಅಜ್ಜಿ ನಿದ್ದೆಗೆಟ್ಟವಳಂತೆ ಕಂಡಳೇ ಹೊರತು ಮುಖದಲ್ಲಿ ಕೇಡು ಬರಲಿಲ್ಲ. ಸಂಪಾದಕರು ಮಾರನೆಯ ದಿನವೇ ನೋಡಲು ಬರುವವರಿದ್ದರು. ಹಳೆಯ ಸುಂದರಿಯನ್ನೇ ಕೊಟ್ಟುಬಿಡಲೇ ಎಂದಳು ಹುಡುಗಿ.

ನನಗೆ ಆಗ ಹೊಳೆಯಿತು. ತಪ್ಪು ಅವಳ ಪೆನ್ನಿನಲ್ಲಿರಲಿಲ್ಲ. ಹುಟ್ಟಿದಾಗಿನಿಂದ ಅವಳು ನನಗೆ ಒಮ್ಮೆಯೂ ಹೆದರಿಲ್ಲ. ಹೆದರದೆ ಇದ್ದವಳ ಕೈಗೆ ಹೆದರಿಕೆ ಎಲ್ಲಿಂದ ಬರಬೇಕು? ನಾನು ಇಷ್ಟು ದಿನ ಅವಳ ಮುಂದೆ ನಿಂತದ್ದು ಮೊಮ್ಮಗಳ ಕೆಲಸಕ್ಕೆ ಒದಗಿದ ಆಯಿಯಾಗಿ. ಪಾತ್ರ ಮಾಡಿರಲೇ ಇಲ್ಲ.

ಎದ್ದೆ. ಸೆರಗು ಬಿಗಿದೆ. ಅವಳಿಂದ ಒಂದು ಮಾರು ದೂರ ನಿಂತು, ಕಣ್ಣು ಪಿಳುಕಿಸದೆ ಅವಳನ್ನೇ ನೋಡಿದೆ. ದನಿ ಏರಿಸಲಿಲ್ಲ. ಖಳನಾಯಕಿ ಒದರಿದರೆ ಜನ ಹೆದರುವುದಿಲ್ಲ, ದನಿ ತಗ್ಗಿಸಿದರೆ ಮುಂದಿನ ಸಾಲಿನವರು ಹಿಂದೆ ಸರಿಯುತ್ತಾರೆ.

"ನಿಮ್ಮಪ್ಪ ಅಂದದ್ದು ಖರೆ" ಎಂದೆ. "ನಿನ್ನ ಕೈಲೆ ಆಗೂದಿಲ್ಲ. ನನಗ ಮೊದಲಿಂದ ಗೊತ್ತಿತ್ತು. ನೀ ಸಣ್ಣಾಕಿ ಇದ್ದಾಗ ಗ್ವಾಡಿ ಮ್ಯಾಲ ಗೀಚಿದ್ದಕ್ಕ ಚಂದ ಐತಿ ಅಂತಿದ್ನೆಲ್ಲ, ಅದೆಲ್ಲಾ ಸುಳ್ಳು. ನಿನ್ನ ಮನಸ್ಸ ನೋಯಬಾರದಂತ ಅಂದದ್ದು. ನಿನಗ ಏನೂ ಬರೂದಿಲ್ಲ."

"ಆಯಿ?" ಎಂದಳು. ಆ ಒಂದು ಮಾತಿಗೆ ಅವಳನ್ನು ಅಪ್ಪಿಕೊಂಡುಬಿಡಬೇಕು ಅನಿಸಿತು. ಆದರೂ ಮುಖ ಬಿಡಲಿಲ್ಲ. ಅವಳತ್ತ ಒಂದು ಹೆಜ್ಜೆ ಇಟ್ಟೆ. ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು.

"ಈಗ ತಗಿ" ಎಂದೆ, ಅದೇ ದನಿಯಲ್ಲಿ.

ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಪೆನ್ನು ಹಿಡಿದಳು. ಫೋಟೋ ತೆಗೆಯಲಿಲ್ಲ, ನನ್ನನ್ನೇ ನೋಡುತ್ತ ಬರೆದಳು. ಕಣ್ಣೀರು ಗಾಜಿನ ಮೇಲೆ ಬಿದ್ದರೆ ತೋಳಿನಿಂದ ಒರೆಸಿ ಮತ್ತೆ ಬರೆದಳು. ನಾನು ನಿಂತೇ ಇದ್ದೆ. ಮುಗಿದ ಮೇಲೆ ಟ್ಯಾಬನ್ನು ನನ್ನ ಕಡೆ ತಿರುಗಿಸಿದಳು. ಅದೇ ಮೂಗು, ಅದೇ ಸುಕ್ಕು, ಅದೇ ಬಿಳಿ ಕೂದಲು. ಆದರೆ ಆ ಮುದುಕಿಯ ಮನೆಯ ಮುಂದೆ ನಾನು ಹಾಯುತ್ತಿರಲಿಲ್ಲ.

ಆಮೇಲೆ ಅವಳು ನನ್ನ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದಳು. "ಕೆಟ್ಟಾಕಿ ನೀ! ಭಾಳ ಕೆಟ್ಟಾಕಿ!"

"ಗ್ವಾಡಿ ಮ್ಯಾಲಿನ ಚಿತ್ರ ಖರೇನ ಚಂದ ಇತ್ತು ಯವ್ವಾ" ಎಂದೆ.

"ಹೋಗ್ ಆಕಡಿ. ಇನ್ನ ನಾ ನಂಬೂದಿಲ್ಲ." ಕರದಂಟು ಬಾಯಿಗೆ ಇಟ್ಟ ಮೇಲೆ ನಂಬಿದಳು.

ಸಂಪಾದಕರು ಬಂದು ಆ ಪುಟಗಳನ್ನು ಬಹಳ ಹೊತ್ತು ನೋಡಿದರು. "ಇಕಿ ಮುಂದ ನಮ್ಮ ಹೀರೋ ಸಣ್ಣಾಂವ ಕಾಣ್ತಾನಲ್ಲವಾ" ಎಂದರು.

"ಇಂಥಾಕಿನ್ನ ಸೋಲಿಸಿದ ಮ್ಯಾಲ ದೊಡ್ಡಾಂವ ಆಗ್ತಾನ್ರಿ ಸರ್" ಎಂದಳು ನನ್ನ ಮೊಮ್ಮಗಳು.

ಒಪ್ಪಿದರು. ನೀರು ತಿರುಗಿ ಬರುವಾಗ ಮುದುಕಿ ತನ್ನ ಹೊಸ್ತಿಲ ಮೇಲೇ ನಿಂತು ಮುಳುಗಲಿ ಎಂದೆವು ನಾವಿಬ್ಬರೂ. ಮಕ್ಕಳ ಪುಸ್ತಕದಲ್ಲಿ ಅದು ಬೇಡ ಎಂದರು ಅವರು. ಅದು ಸರಿಯೇ. ಹಾಗಾಗಿ ಕೊನೆಯ ಪುಟದಲ್ಲಿ ಸಿಡಿಲಕುಮಾರ ಅವಳನ್ನು ಹೆಗಲ ಮೇಲೆ ಹೊತ್ತು ನೀರಿನಿಂದ ಆಚೆ ತರುತ್ತಾನೆ. ಅವಳು ಅವನ ಬೆನ್ನಿಗೆ ಗುದ್ದುತ್ತಲೇ ಇರುತ್ತಾಳೆ, ಬೈಯುತ್ತಲೇ ಇರುತ್ತಾಳೆ. ಯಾರೂ ನಗುವುದಿಲ್ಲ. ಮೂರನೆಯ ಪುಟದಲ್ಲಿ ಅವಳ ಎಂಟ್ರಿ ಇದೆ, ನಾನು ಬಸ್ಸಿನಲ್ಲಿ ಕಟ್ಟಿದ್ದಲ್ಲ, ಅವಳು ಹೊಸದಾಗಿ ಬರೆದದ್ದು. ನನ್ನದಕ್ಕಿಂತ ಚೆನ್ನಾಗಿದೆ.

ಇಷ್ಟೆಲ್ಲ ಆಗಿ ಪುಸ್ತಕ ಬಂತು. ಕಟ್ಟು ಬಿಚ್ಚಿದರೆ ಮುಖಪುಟದಲ್ಲಿ ಯಾವಳೋ ಹಿಡಿ ಸೊಂಟದ ಹುಡುಗಿ, ಮೊಳದುದ್ದ ಉಗುರು! ಮುಖಪುಟವನ್ನು ಬೇರೆಯವರಿಂದ ಬರೆಸಿದ್ದರಂತೆ. ಅಂಗಡಿಯಲ್ಲಿ ನೇತು ಹಾಕಲು ಹಾಗೇ ಬೇಕಂತೆ. ಆ ಹುಡುಗಿ ಒಳಗೆ ಒಂದು ಚೌಕದಲ್ಲೂ ಇಲ್ಲ. ಫೋನಿನಲ್ಲಿ ಸಂಪಾದಕರಿಗೆ ನಾನು ಏನೇನು ಅಂದೆ ಎನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಮುಂದಿನ ಸಲ ನೋಡೋಣ ಎಂದರು. ನನಗೆ ಸಮಾಧಾನವಾಗಿಲ್ಲ, ಆಗುವುದೂ ಇಲ್ಲ. ಮೊಮ್ಮಗಳ ಹೆಸರು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ. ಅದನ್ನು ಬೆರಳಿಟ್ಟು ಓದುತ್ತೇನೆ, ಮತ್ತೆ ಹೊದಿಕೆ ನೋಡಿ ಬೈಯುತ್ತೇನೆ.

ನಿನ್ನೆ ಓಣಿಯ ಕೊನೆಯ ಮನೆಯಾಕೆ ಪುಸ್ತಕ ಹಿಡಿದುಕೊಂಡು ಜಗಳಕ್ಕೇ ಬಂದಳು. ಹಿಂದೆ ಅವಳ ಮಗಳು, ತಲೆಗೆ ಬಿಳಿ ಟವೆಲ್ಲು ಸುತ್ತಿಕೊಂಡು, ಮುಖ ಗಂಟು ಹಾಕಿಕೊಂಡು ನಿಂತಿತ್ತು.

"ಏನ್ರಿ ಅಮ್ಮಾರ, ಎಂಥಾ ಪುಸ್ತಕ ಕೊಟ್ರಿ ನಮ್ಮ ಹುಡುಗೀಗೆ? ಆಟದಾಗ ಸಿಡಿಲಕುಮಾರ ಆಗಾಕ ಯಾರೂ ಒಲ್ಲೆಂತಾರ. ಎಲ್ಲಾ ಹುಡುಗ್ಯಾರೂ ನಾ ಮುದುಕಿ, ನಾ ಮುದುಕಿ ಅಂತ ಬಡದಾಡಾಕತ್ತಾವ. ಇದು ಮುಂಜಾನಿಂದ ನಳಾ ಬಂದ್ ಮಾಡಿ ನಿಂತೇತಿ. ಬಿಡಸಾಕ ಹೋದ್ರ ಹಾ ಹಾ ಹಾ ಅಂತ ನಗತೈತಿ. ಹಿಂಗ ನಗೂದೇನ್ರಿ ಹೆಣ್ಣ ಹುಡುಗಿ?"

"ಎಲ್ಲಿ, ನಗು ನೋಡೂಣು" ಎಂದೆ ಹುಡುಗಿಗೆ.

ನಕ್ಕಿತು.

"ನೀವು ಅನ್ನೂದು ಖರೇ ಐತಿ" ಎಂದೆ ತಾಯಿಗೆ. "ಹಿಂಗ ನಗಬಾರದು. ಗಂಟಲದಾಗಿಂದ ನಗಾಕತ್ತೇತಿ, ಹೊಟ್ಟಿಯಿಂದ ಬರಬೇಕು. ನಾಳಿ ಸಂಜೀಕ ಕಳಸ್ರಿ."